ವಿಶಾಲಕೋನ ಮಸೂರದ ಎರಡು ದೋಷಗಳು

ಮದುವೆಯಾಗಲಿ, ಬೀಳ್ಕೊಡುಗೆಯ ಸಮಾರಂಭವಾಗಲಿ, ಸಮೂಹ ಚಿತ್ರವೊಂದಿಲ್ಲದೆ ಮುಗಿಯುವುದಿಲ್ಲ. ಸ್ಥಳ ಇಕ್ಕಟ್ಟಾದಾಗ ಎಲ್ಲರನ್ನೂ ಒಂದೇ ಚೌಕಟ್ಟಿನೊಳಗೆ ಹಿಡಿಯಲು ಒದಗುವುದು ವಿಶಾಲಕೋನ ಮಸೂರ. ಆದರೆ ಅಂಥ ಚಿತ್ರವನ್ನು ತುಸು ಗಮನವಿಟ್ಟು ನೋಡಿದರೆ, ನಡುವೆ ಕುಳಿತ ಹಿರಿಯರ ಮುಖ ಬೆಳಗುತ್ತಿರುವಾಗ ಅಂಚಿನಲ್ಲಿ ನಿಂತವರು ಮಬ್ಬಾಗಿರುವುದೂ, ಕೆಲವೊಮ್ಮೆ ಅವರ ಬಿಳಿಯ ಬಟ್ಟೆಗೆ ಕೆಂಪಡರಿರುವುದೂ ಕಂಡುಬರುತ್ತದೆ. ಈ ದೋಷಗಳಿಗೆ ಕಾರಣವೇನು, ಡಿಜಿಟಲ್ ಕ್ಯಾಮೆರಾದಲ್ಲಿ ಇವನ್ನು ತಿದ್ದುವ ಕ್ರಮವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಾನು ಭೌತಶಾಸ್ತ್ರದ ವಿದ್ಯಾರ್ಥಿಯಲ್ಲ, ಇತಿಹಾಸ ಓದುವವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಶುಲ್ಕಕ್ಕೆಂದು ಸಂಜೆಯ ಹೊತ್ತು ಒಂದು ಸ್ಟುಡಿಯೋದಲ್ಲಿ ದುಡಿಯುವಾಗ ಈ ವಿಷಯದ ಪರಿಚಯವಾಯಿತು. ಆದುದರಿಂದ ಶಾಸ್ತ್ರ ಓದದವರಿಗೂ ತಿಳಿಯುವಂತೆ ಬರೆಯಲು ಯತ್ನಿಸಿದ್ದೇನೆ.

ಮೊದಲು ಕತ್ತಲೆಯ ವಿಚಾರ. ಇದನ್ನು ವಿನ್ಯೆಟಿಂಗ್ ಎನ್ನುತ್ತಾರೆ. ಇದರಲ್ಲಿ ಮೂರು ಬಗೆ. ಮಸೂರದ ಮುಂದಿನ ದಪ್ಪ ಶೋಧಕವೋ ಮರೆಯೋ ಬೆಳಕನ್ನು ತಡೆಯುವುದು ಒಂದು. ಮಸೂರದ ಕೊಳವೆಯೇ ಓರೆಯಾಗಿ ಬರುವ ಕಿರಣಗಳಿಗೆ ಅಡ್ಡಬರುವುದು ಎರಡನೆಯದು; ದ್ಯುತಿರಂಧ್ರವನ್ನು ಕಿರಿದುಮಾಡಿದರೆ ಇದು ಬಹುಮಟ್ಟಿಗೆ ಕಡಮೆಯಾಗುತ್ತದೆ. ಮೂರನೆಯದು ಸಹಜವಾದುದು, ರಂಧ್ರವನ್ನು ಕಿರಿದುಮಾಡಿದರೂ ಹೋಗದು. ಮೂಲೆಯಿಂದ ನೋಡಿದರೆ ದುಂಡಗಿನ ರಂಧ್ರ ಚಪ್ಪಟೆಯಾಗಿ ಕಾಣುತ್ತದೆ. ಮೂಲೆಗೂ ರಂಧ್ರಕ್ಕೂ ಇರುವ ದೂರ ಹೆಚ್ಚು. ಬೆಳಕು ಅಲ್ಲಿ ಓರೆಯಾಗಿ ಬಿದ್ದು ಹೆಚ್ಚು ಜಾಗಕ್ಕೆ ಹರಡುತ್ತದೆ. ಇವೆಲ್ಲ ಸೇರಿ ಬೆಳಕು ಕೋನದ ಕೊಸೈನಿನ ನಾಲ್ಕನೆಯ ಘಾತದಂತೆ ಇಳಿಯುತ್ತದೆ. ಸರಳ ರಚನೆಯ ಮಸೂರಕ್ಕೆ ಈ ನಿಯಮವನ್ನು ಅನ್ವಯಿಸಿ ನೋಡೋಣ. 36×24 ಮಿಲಿಮೀಟರ್ ಚೌಕಟ್ಟಿನಲ್ಲಿ 50 ಮಿಲಿಮೀಟರ್ ಮಸೂರದ ಮೂಲೆಗೆ ನಡುವಿನ ಬೆಳಕಿನ ನೂರಕ್ಕೆ ಸುಮಾರು 71 ಪಾಲು ತಲಪುತ್ತದೆ. 21 ಮಿಲಿಮೀಟರ್ ಮಸೂರದಲ್ಲಿ ಕಾಲುಪಾಲಿಗೂ ಕಡಮೆ. 15 ಮಿಲಿಮೀಟರಿನಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ!

ಇನ್ನು ಬಣ್ಣದ ವಿಚಾರ. ಫಿಲ್ಮಿನ ಮೇಲೆ ಬೆಳಕು ಓರೆಯಾಗಿ ಬಿದ್ದರೂ ಬಣ್ಣ ಅಷ್ಟಾಗಿ ಕೆಡುತ್ತಿರಲಿಲ್ಲ. ಡಿಜಿಟಲ್ ಸಂವೇದಕದ ರಚನೆಯೇ ಬೇರೆ. ಅದರಲ್ಲಿ ಲಕ್ಷಾಂತರ ಸಣ್ಣ ಗುಂಡಿಗಳಿವೆಯೆಂದು ಭಾವಿಸೋಣ. ಪ್ರತಿ ಗುಂಡಿಯ ಮೇಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದು ಬಣ್ಣದ ಶೋಧಕ. ಅದರ ಮೇಲೊಂದು ಕಿರುಮಸೂರ. ಎಲ್ಲಕ್ಕೂ ಮೇಲೆ ಅವಕೆಂಪು ಕಿರಣಗಳನ್ನು ತಡೆಯುವ ಗಾಜು. ಕಿರಣ ಬಹಳ ಓರೆಯಾದರೆ ಒಂದು ಶೋಧಕವನ್ನು ದಾಟಿದ ಬೆಳಕು ನೆರೆಯ ಗುಂಡಿಗೆ ಬೀಳುತ್ತದೆ. ಮೇಲಿನ ಗಾಜಿನಲ್ಲೂ ಅದರ ದಾರಿ ಉದ್ದವಾಗಿ ಬಣ್ಣಗಳ ಪ್ರಮಾಣ ವ್ಯತ್ಯಾಸವಾಗುತ್ತದೆ. ಹೀಗೆ ಅಂಚಿಗೆ ಬಣ್ಣದ ಸೋಂಕು ತಗಲುತ್ತದೆ.

ಎಲ್ಲ ವಿಶಾಲಕೋನ ಮಸೂರಗಳಲ್ಲೂ ಇದು ಸಮನಾಗಿರುವುದಿಲ್ಲ. ಒಳಗೆ ಕನ್ನಡಿ ಅಲುಗಾಡುವ ಕ್ಯಾಮೆರಾಗಳಲ್ಲಿ ಮಸೂರವನ್ನು ದೂರವಿಡಬೇಕಾಗುತ್ತದೆ. ಇದಕ್ಕೆಂದೇ ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ ರೆಟ್ರೊಫೋಕಸ್ ಎಂಬ 35 ಮಿಲಿಮೀಟರ್ ಮಸೂರವನ್ನು ಹೊರತಂದನು. ಇಂಥ ಮಸೂರಗಳಿಂದ ಕಿರಣಗಳು ಹೆಚ್ಚು ನೆಟ್ಟಗೆ ಬೀಳುತ್ತವೆ. ಕನ್ನಡಿಯಿಲ್ಲದ ಲೈಕಾದಂಥ ಕ್ಯಾಮೆರಾಗಳ ಹಳೆಯ ಪುಟ್ಟ ಮಸೂರಗಳಾದರೋ ಫಿಲ್ಮಿಗೆ ತೀರ ಹತ್ತಿರ ಕೂರುತ್ತಿದ್ದುವು. 2009ರಲ್ಲಿ ಲೈಕಾ ಎಂ9 ಪೂರ್ಣ ಚೌಕಟ್ಟಿನ ಸಂವೇದಕದೊಡನೆ ಬಂದಾಗ ಕೆಲವು ವಿಶಾಲಕೋನ ಮಸೂರಗಳಲ್ಲಿ ಒಂದು ಅಂಚು ಕೆಂಪಾಗಿ, ಎದುರಂಚು ಹಸಿರಾಗಿ ಕಾಣಿಸಿತು. ಛಾಯಾಗ್ರಾಹಕರು ಅದನ್ನು ‘ಇಟಲಿಯ ಬಾವುಟ’ ಎಂದು ಹಾಸ್ಯಮಾಡಿದರು. ಅಂಚಿನ ಕಿರುಮಸೂರಗಳನ್ನು ನಡುವಿನ ಕಡೆಗೆ ಸರಿಸಿಟ್ಟಿದ್ದರೂ ದೋಷ ಪೂರ್ತಿ ಹೋಗಿರಲಿಲ್ಲ. 2015ರ ಸೋನಿ ಎ7ಆರ್ 2 ಕ್ಯಾಮೆರಾದಲ್ಲಿ ತಂತಿಗಳ ಜಾಲವನ್ನು ಗುಂಡಿಗಳ ಹಿಂದಕ್ಕೆ ತಳ್ಳಿದ ಪೂರ್ಣ ಚೌಕಟ್ಟಿನ ಸಂವೇದಕ ಬಂದಿತು. ಇಂಥ ರಚನೆಯಿಂದ ಬಣ್ಣದ ದೋಷ ತಗ್ಗಿತು. ಕತ್ತಲೆ ಮಾತ್ರ ಉಳಿಯಿತು.

ಹಾಗಾದರೆ ಪರಿಹಾರವೇನು? ಮೂಲೆಯನ್ನು ಕಣ್ಣಳತೆಯಲ್ಲಿ ಬೆಳಗಿಸಿದರೆ ಸಾಲದು. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಬಿಳಿಯ ಗೋಡೆಯ ಚಿತ್ರದಲ್ಲಿ ನಡುವೆ ಕೆಂಪು, ಹಸಿರು, ನೀಲಿ ಮೂರೂ 100 ಇವೆ. ಮೂಲೆಯಲ್ಲಿ ಕೆಂಪು 40, ಹಸಿರು 32, ನೀಲಿ 36. ಮೂರನ್ನೂ ಒಂದೇ ಪ್ರಮಾಣದಲ್ಲಿ ಏರಿಸಿ ಹಸಿರನ್ನು 100 ಮಾಡಿದರೆ ಕೆಂಪು 125, ನೀಲಿ 112.5 ಆಗುತ್ತವೆ. ಕತ್ತಲೆ ಹೋಯಿತು, ಬಣ್ಣದ ದೋಷ ಹಾಗೆಯೇ ಉಳಿಯಿತು! ಆದಕಾರಣ ಪ್ರತಿ ಬಣ್ಣಕ್ಕೂ ಪ್ರತಿ ಬಿಂದುವಿಗೂ ಬೇರೆಬೇರೆ ಗುಣಕ ಬೇಕು.

ಈ ಗುಣಕಗಳನ್ನು ಅಳೆಯುವ ಉಪಾಯ ಸುಲಭವಾಗಿದೆ. ಚಿತ್ರ ತೆಗೆದ ಕೂಡಲೆ, ಮಸೂರವನ್ನೂ ರಂಧ್ರವನ್ನೂ ದೂರದ ಹೊಂದಿಕೆಯನ್ನೂ ಬದಲಿಸದೆ, ಹಾಲುಬಿಳುಪಿನ ಅಕ್ರಿಲಿಕ್ ಹಾಳೆಯೊಂದನ್ನು ಮಸೂರದ ಬಾಯಿಗೆ ಒತ್ತಿಹಿಡಿದು ಇನ್ನೊಂದು ಚಿತ್ರ ತೆಗೆಯಬೇಕು. ಹಾಳೆಯ ಮೇಲೆ ಬೆಳಕು ಸಮನಾಗಿರಬೇಕು. ಯಾವ ಬಣ್ಣವೂ ಮಿತಿಮೀರಿ ಬೆಳಗಬಾರದು. ಇದು ಮಸೂರವು ತನ್ನ ದೋಷವನ್ನು ತಾನೇ ಬರೆದುಕೊಟ್ಟ ಪತ್ರ. ಅದರ ನಡುವಿನ ಬೆಲೆಯನ್ನು 1 ಎಂದಿಟ್ಟುಕೊಂಡು, ಮೊದಲ ಚಿತ್ರದ ಪ್ರತಿ ಬಿಂದುವನ್ನೂ ಇದರ ಅದೇ ಬಿಂದುವಿನಿಂದ ಭಾಗಿಸಿದರೆ ಕತ್ತಲೆಯೂ ಬಣ್ಣವೂ ಒಟ್ಟಿಗೆ ನೇರವಾಗುತ್ತವೆ. ಈ ಭಾಗಾಕಾರವನ್ನು ಕ್ಯಾಮೆರಾದ ಕಚ್ಚಾ ಕಡತದ ಮೇಲೆ ಮಾಡಬೇಕು. ಜೆಪೆಗ್ ಕಡತದಲ್ಲಿ ಬೆಳಕಿನ ಪ್ರಮಾಣಗಳು ಆಗಲೇ ಮಾರ್ಪಟ್ಟಿರುತ್ತವೆ. ರಾ ಥೆರಪಿ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆ ‘ಫ್ಲಾಟ್ ಫೀಲ್ಡ್’ ಎಂಬ ಸಲಕರಣೆ ಇದೆ. ಹಣ ಕೊಡಬಲ್ಲವರಿಗೆ ಕ್ಯಾಪ್ಚರ್ ಒನ್ ಇದೆ. ಖಗೋಳಜ್ಞರೂ ದೂರದರ್ಶಕವನ್ನು ಮುಸ್ಸಂಜೆಯ ಬರಿಯ ಆಕಾಶಕ್ಕೆ ತಿರುಗಿಸಿ ಇದೇ ಬಗೆಯ ಚಿತ್ರ ತೆಗೆದು, ನಕ್ಷತ್ರಗಳ ಕಾಂತಿಯನ್ನು ಅಳೆಯುವ ಮುನ್ನ ಹೀಗೆಯೇ ಭಾಗಿಸುತ್ತಾರೆ.

ನಮ್ಮ ಸ್ಟುಡಿಯೋದಲ್ಲಿ ಫಿಲ್ಮ್ ಕಾಲದ ಮಸೂರವೊಂದನ್ನು ಬಳೆ ಹಾಕಿ ಹೊಸ ಕ್ಯಾಮೆರಾಕ್ಕೆ ಜೋಡಿಸಿದ್ದಾರೆ. ಮದುವೆ ಚಿತ್ರವೊಂದರಲ್ಲಿ ಸಾಲಿನ ಕೊನೆಗೆ ನಿಂತಿದ್ದ ಅಜ್ಜಿಯ ಬಿಳಿ ಸೀರೆ ನಸುಗೆಂಪಾಗಿತ್ತು. ಹಾಳೆಯ ಚಿತ್ರದಿಂದ ಭಾಗಿಸಿದಾಗ ಸೀರೆ ಬಿಳಿಯಾಯಿತು. ಮುಖವೂ ತಿಳಿಯಾಗಿ ಕಂಡಿತು. ಆದರೆ ಕೆನ್ನೆಯ ಮೇಲೆ ಮರಳು ಚೆಲ್ಲಿದಂಥ ಕಣಗಳು ಎದ್ದುವು. ಇದು ಈ ಕ್ರಮದ ಮಿತಿ. ಕಾಲುಪಾಲು ಬೆಳಕನ್ನು ನಾಲ್ಮಡಿಗೊಳಿಸಿದರೆ ಬೆಳಕಿನೊಡನೆ ಅದರ ಏರುಪೇರೂ ಹಿಗ್ಗುತ್ತದೆ; ನಡುವಿಗೆ ಹೋಲಿಸಿದರೆ ಮೂಲೆಯಲ್ಲಿ ಕಣಗಳ ಗೊಜಲು ಕಡೆಯಪಕ್ಷ ಇಮ್ಮಡಿಯಾಗಿರುತ್ತದೆ. ಭಾಗಾಕಾರವು ಇದ್ದುದನ್ನು ಸರಿಯಾಗಿ ಹಂಚೀತು. ಬಾರದೆ ಹೋದ ಬೆಳಕನ್ನು ತಂದುಕೊಡಲಾರದು. ಆದ್ದರಿಂದ ಜಾಗವಿದ್ದಲ್ಲಿ ಎರಡು ಹೆಜ್ಜೆ ಹಿಂದೆ ಸರಿದು, ಅಷ್ಟು ಅಗಲವಲ್ಲದ ಮಸೂರದಿಂದ ಚಿತ್ರ ತೆಗೆಯುವುದೇ ಲೇಸು.

ಕೊನೆಯದಾಗಿ, ಇತಿಹಾಸದ ವಿದ್ಯಾರ್ಥಿಯಾಗಿ ಒಂದು ಮಾತು. ಇಂದಿನ ಛಾಯಾಚಿತ್ರ ನಾಳಿನ ಆಧಾರ. ಐವತ್ತು ವರ್ಷಗಳ ಮೇಲೆ ನೋಡುವವನಿಗೆ ಸೀರೆ ಕೆಂಪಾಗಿತ್ತೋ ಮಸೂರ ಕೆಂಪು ಮಾಡಿತೋ ಹೇಗೆ ತಿಳಿಯಬೇಕು? ತಿದ್ದಿದ ಚಿತ್ರದ ಜೊತೆಗೆ ತಿದ್ದದ ಮೂಲವನ್ನೂ ಬಿಳಿಹಾಳೆಯ ಚಿತ್ರವನ್ನೂ ಇಟ್ಟರೆ, ಅವನು ತಾನೇ ಭಾಗಿಸಿ ನೋಡಬಲ್ಲನು. ನಮ್ಮ ಕಾಲೇಜಿನ ಸಮಾರಂಭಗಳ ಚಿತ್ರಗಳನ್ನು ತೆಗೆಯುವ ಮಿತ್ರರು ಇಷ್ಟನ್ನು ರೂಢಿಮಾಡಿಕೊಂಡರೆ ನನ್ನ ಶ್ರಮ ಸಾರ್ಥಕ.