‘ನಾಳೆ ಬರ್ತೀನಿ’ಯ ಇಂಗ್ಲಿಷ್

‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’: ನಮ್ಮ ಆಡುಮಾತಿನಲ್ಲಿ ಎರಡಕ್ಕೂ ಒಂದೇ ರೂಪ. ‘ಬರುವೆನು’ ವ್ಯಾಕರಣ ಪುಸ್ತಕದಲ್ಲೇ ಉಳಿದುಬಿಟ್ಟಿದೆ. ಹಾಗಾಗಿಯೇ ‘ಟುಮಾರೋ ಐ ಕಮ್’ ಎಂದು ಬಾಯಿ ಜಾರುತ್ತದೆ. ಆದರೆ ಇಂಗ್ಲಿಷಿನ ಭವಿಷ್ಯತ್ಕಾಲದ ಅರ್ಧ ಗುಟ್ಟು ಕನ್ನಡದಲ್ಲೇ ಇದೆ.

1. ‘ವಿಲ್’ ಆದ ಮೇಲೆ ಕ್ರಿಯಾಪದ ಬೋಳಾಗಿರಲಿ. ಶೀ ವಿಲ್ ಕಮ್. ‘ಕಮ್ಸ್’ ಅಲ್ಲ, ‘ಟು ಕಮ್’ ಅಲ್ಲ. ಬರ್ತೀನಿ, ಬರ್ತಾಳೆ, ಬರ್ತಾರೆ ಎಂದು ಬಾಲ ಬದಲಿಸುವ ತಾಪತ್ರಯ ಇಲ್ಲಿಲ್ಲ. ‘ವಿಲ್ ಕ್ಯಾನ್’ ಅಂತೂ ಬೇಡವೇ ಬೇಡ, ‘ವಿಲ್ ಬಿ ಏಬಲ್ ಟು’ ಎನ್ನಿ.

2. ಷರತ್ತಿನ ‘ಇಫ್’, ಸಮಯ ಹೇಳುವ ‘ವೆನ್’, ‘ಆಫ್ಟರ್’ ಇರುವ ಭಾಗದಲ್ಲಿ ‘ವಿಲ್’ ತುರುಕಬೇಡಿ. ಎಲ್ಲರೂ ಎಡವುವ ಜಾಗ ಇದು. ‘ಇಫ್ ಇಟ್ ವಿಲ್ ರೇನ್’ ತಪ್ಪು. ‘ಇಫ್ ಇಟ್ ರೇನ್ಸ್, ಐ ವಿಲ್ ಸ್ಟೇ ಹೋಮ್’ ಸರಿ. ವಿಚಿತ್ರ ಅನ್ನಿಸಿದರೆ ಕನ್ನಡವನ್ನೇ ನೋಡಿ. ‘ನಾಳೆ ಮಳೆ ಬಂದರೆ’ ಎನ್ನುತ್ತೀರಿ, ‘ಅವನು ಬಂದ ಮೇಲೆ’ ಎನ್ನುತ್ತೀರಿ. ನಾಳಿನ ಮಳೆಗೆ ನಾವು ‘ಬಂದ’ ಎಂಬ ಭೂತಕಾಲವನ್ನೇ ತೊಡಿಸಿದ್ದೇವೆ! ಇಂಗ್ಲಿಷ್ ವರ್ತಮಾನ ತೊಡಿಸುತ್ತದೆ, ಅಷ್ಟೆ. ಭವಿಷ್ಯ ಎರಡರಲ್ಲೂ ಇಲ್ಲ.

3. ಆ ಕ್ಷಣ ಹುಟ್ಟಿದ ತೀರ್ಮಾನಕ್ಕೆ ‘ವಿಲ್’. ಕಾಲಿಂಗ್ ಬೆಲ್ ಆಯಿತು, ‘ನಾನು ತೆಗೀತೀನಿ’: ಐಲ್ ಓಪನ್ ಇಟ್. ಮೊದಲೇ ಮನಸ್ಸಿನಲ್ಲಿದ್ದ ‘ಫ್ರಿಜ್ ತಗೋಬೇಕು ಅಂತಿದೀನಿ’ಗೆ: ಐ ಆಮ್ ಗೋಯಿಂಗ್ ಟು ಬೈ. ಟೈಮ್‌ಟೇಬಲ್ಲಿನ ರೈಲಿಗೆ ಎರಡೂ ಬೇಕಿಲ್ಲ: ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್.

4. ‘ವೋಂಟ್’ ಬರೀ ‘ಇಲ್ಲ’ ಅಲ್ಲ, ‘ಒಲ್ಲೆ’ ಕೂಡ. ‘ವಿಲ್’ನ ಹಳೆಯ ಅರ್ಥ ‘ಬಯಸು’ ಎಂದು. ಆಸ್ತಿಗೆ ಬರೆಸುವ ‘ವಿಲ್’ನಲ್ಲಿ ಅದು ಇನ್ನೂ ಜೀವಂತ. ಕೆಟ್ಟು ನಿಂತ ಸ್ಕೂಟರಿಗೆ ‘ಇಟ್ ವೋಂಟ್ ಸ್ಟಾರ್ಟ್’ ಎನ್ನುವುದೂ, ಧಾರವಾಡದ ಕಡೆ ‘ಚಾಲೂ ಆಗವಲ್ದು’ ಎನ್ನುವುದೂ ಒಂದೇ ಜಾಡು. ಯಂತ್ರಕ್ಕೂ ಮೊಂಡುತನ!

5. ‘ಶಲ್’ ಎಲ್ಲಿ? 1653ರಲ್ಲಿ ಜಾನ್ ವಾಲಿಸ್ ತನ್ನ ವ್ಯಾಕರಣದಲ್ಲಿ ‘ಐ’, ‘ವೀ’ಗಳಿಗೆ ಶಲ್, ಉಳಿದವರಿಗೆ ವಿಲ್ ಎಂದು ಬರೆದ. ಅದನ್ನೇ ಇನ್ನೂ ಉರುಹೊಡೆಸುವವರಿದ್ದಾರೆ. ನಿಮಗೆ ‘ಟೀ ತರಲಾ?’, ‘ಹೋಗೋಣವಾ?’ ಎನ್ನುವಾಗ ನೆನಪಾದರೆ ಸಾಕು: ಶಲ್ ಐ, ಶಲ್ ವೀ.

6. ನಾಳಿನ ಖಚಿತ ಸಂಗತಿ ತಿಳಿಸುವಾಗ ಮರ್ಯಾದೆಗೆಂದು ‘ವುಡ್’ ಬಳಸಬೇಡಿ, ಅದಕ್ಕೆ ಷರತ್ತಿನ ವಾಸನೆ ಇದೆ. ನಾನೂ ವರ್ಷಗಟ್ಟಲೆ ‘ಐ ವುಡ್ ಬಿ ಆನ್ ಲೀವ್ ಟುಮಾರೋ’ ಎಂದೇ ಬರೆದವನು. ಒಂದು ಸಂಜೆ ಮೇಲಧಿಕಾರಿಯಿಂದ ಒಂದೇ ಪದದ ಉತ್ತರ ಬಂತು: ‘ಇಫ್?’ ‘ವಿಲ್’ ಎಂದು ತಿದ್ದಿ ಮತ್ತೆ ಕಳಿಸಿದೆ. ರಜೆ ಸಿಕ್ಕಿತು.