ಅಂಟಾರ್ಕ್ಟಿಕಾದಲ್ಲಿ ‘ಬೇಡ’ ಅನ್ನುವ ಕೆಲಸ

ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಅಂಟಾರ್ಕ್ಟಿಕಾ ಸಂಶೋಧನೆಗೆ ಪರಿಸರ ಸಲಹೆಗಾರರಾಗುವ ಆಸೆ ನಿಮ್ಮದು. ಪೆಂಗ್ವಿನ್ ನೋಡುವುದೇ ಮುಖ್ಯವಾಗಿದ್ದರೆ ಬೇಸರವಾದೀತು. ಈ ಕೆಲಸದ ಬಹುಪಾಲು ನಡೆಯುವುದು ಹಡಗು ಹೊರಡುವ ಮೊದಲು, ಮೇಜಿನ ಮುಂದೆ.

1991ರಲ್ಲಿ ಸಹಿಯಾಗಿ 1998ರಿಂದ ಜಾರಿಯಲ್ಲಿರುವ ಮ್ಯಾಡ್ರಿಡ್ ಪ್ರೋಟೊಕಾಲ್ ಎಂಬ ಪರಿಸರ ರಕ್ಷಣಾ ಒಪ್ಪಂದದ ಪ್ರಕಾರ, ಅಲ್ಲಿ ಏನನ್ನೇ ಕೈಗೊಳ್ಳುವ ಮೊದಲು ಅದರ ಪರಿಣಾಮ ಅಂದಾಜಿಸಬೇಕು. ಪರಿಣಾಮ ಅಲ್ಪ ಅಥವಾ ತಾತ್ಕಾಲಿಕ ಅನ್ನಿಸಿದರೆ ಆರಂಭಿಕ ವರದಿ ಸಾಕು. ಅದನ್ನು ಮೀರಿದರೆ ಸಮಗ್ರ ವರದಿಯ ಕರಡನ್ನು ಒಪ್ಪಂದದ ಉಳಿದ ದೇಶಗಳ ಮುಂದಿಟ್ಟು ಅವರ ಅಭಿಪ್ರಾಯ ಕೇಳಬೇಕು. ಅಲ್ಲಿನ ಲಾರ್ಸ್‌ಮನ್ ಗುಡ್ಡಗಳಲ್ಲಿ ಭಾರತದ ‘ಭಾರತಿ’ ಸಂಶೋಧನಾ ಕೇಂದ್ರ ಕಟ್ಟುವ ಮುನ್ನ ನಮ್ಮವರೂ ಇದನ್ನೇ ಮಾಡಿದರು. ಆ ವರದಿಯನ್ನು ಹುಡುಕಿ ಓದಿ. ಪಠ್ಯಪುಸ್ತಕಕ್ಕಿಂತ ಹೆಚ್ಚು ಕಲಿಸುತ್ತದೆ.

ಉಳಿದದ್ದೆಲ್ಲ ಸಣ್ಣಪುಟ್ಟ ಜಟಾಪಟಿ. ಪ್ಯಾಕಿಂಗ್‌ಗೆ ಥರ್ಮೋಕೋಲ್ ಮಣಿ ಹಾಕುವಂತಿಲ್ಲ. ಸಂಸ್ಕರಿಸದ ಮಣ್ಣು ಒಯ್ಯುವಂತಿಲ್ಲ. ಬೂಟಿನ ಅಡಿಗೆ ಅಂಟಿದ ಬೀಜವನ್ನೂ ಕೆರೆದು ತೆಗೆಯಬೇಕು. ಹಿರಿಯ ವಿಜ್ಞಾನಿಯ ಎದುರು ನಿಂತು ‘ಇದು ಬೇಡ ಸಾರ್’ ಅನ್ನಲು ನಾಲಗೆ ಹೊರಳುತ್ತದೆಯೇ? ಅಂಕಪಟ್ಟಿಗಿಂತ ಅದೇ ದೊಡ್ಡ ಅರ್ಹತೆ ಅಂತ ನನ್ನ ಅನಿಸಿಕೆ. 2022ರ ಭಾರತೀಯ ಅಂಟಾರ್ಕ್ಟಿಕ ಕಾಯ್ದೆ ಬಂದ ಮೇಲಂತೂ ಕಾನೂನಿನ ಭಾಷೆಯೂ ಗೊತ್ತಿರಬೇಕು.

ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವೀಯ ಮತ್ತು ಸಾಗರ ಸಂಶೋಧನಾ ಕೇಂದ್ರದ ನೇಮಕಾತಿ ಪ್ರಕಟಣೆಗಳ ಮೇಲೆ ಕಣ್ಣಿಡಿ. ಅಷ್ಟರೊಳಗೆ, ಗಣಿ ಅಥವಾ ಬಂದರು ಯೋಜನೆಗಳ ಪರಿಸರ ಪರಿಣಾಮ ವರದಿ ತಯಾರಿಸುವ ಯಾವುದಾದರೂ ಸಂಸ್ಥೆಗೆ ಸೇರಿ ಕೈ ಪಳಗಿಸಿಕೊಳ್ಳಿ.