ಬಾಕ್ಸ್ ಬಿಚ್ಚೋ ಮುಂಚೆ ಬ್ರೇಕ್ ಮುಟ್ಟಿ ನೋಡು

ಅಳಿಯಾ, ಹೋದ ವಾರ ತಿಪಟೂರಿನಿಂದ ಬರುವಾಗ ನಾನು ಮಾತು ನಿಲ್ಲಿಸಿ ಸುಮ್ಮನೆ ಕೂತಿದ್ದು ನಿದ್ದೆ ಬಂದು ಅಲ್ಲ. ನಿನ್ನ ಗಾಡಿಗೆ ಕಿವಿ ಕೊಟ್ಟಿದ್ದೆ.

ಗುಬ್ಬಿ ದಾಟಿದ ಮೇಲೆ ರಸ್ತೆ ಸಪಾಟಾಗಿತ್ತು. ನೀನು 60-65ರಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದ ಹಾಗೆ, ಆರಾಮಾಗಿ ಓಡಿಸುತ್ತಿದ್ದೆ. ಆಗ ಶುರುವಾಯಿತು. ಟೋಲ್ ಹತ್ತಿರ ರಸ್ತೆಗೆ ಅಡ್ಡಡ್ಡ ಬಳಿದಿರುತ್ತಾರಲ್ಲ, ದಪ್ಪ ಬಿಳಿ ಪಟ್ಟಿ, ಅದರ ಮೇಲೆ ಹೋದಂತೆ ಎರಡು ಸೆಕೆಂಡು ಗಡಗಡ. ಡ್ಯಾಶ್‌ಬೋರ್ಡಿನ ಗಣಪತಿಯೂ ತಲೆಯಾಡಿಸಿದ. ನೀನು ಕಾಲು ಒತ್ತಿದೆ, ಗೇರ್ ಇಳಿಯಿತು, ಅದುರು ಮಾಯ. "ರೋಡ್ ಸರಿಯಿಲ್ಲ ಮಾಮ" ಅಂದೆ. ರೋಡ್ ಸರಿಯಾಗೇ ಇತ್ತು ಕಣೋ.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಗ್ಯಾರೇಜಿನವರು "ಗೇರ್ ಬಾಕ್ಸ್ ಹೋಗಿದೆ, ಇಳಿಸಬೇಕು, ಲಕ್ಷದ ಮೇಲಾಗುತ್ತೆ" ಅಂದರಂತೆ. ಹದಿನೈದು ವರ್ಷದ ಗಾಡಿಗೆ ಲಕ್ಷ! ಹೋಗಿರಲೂಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅವರು ಗಾಡಿಯನ್ನು ರಸ್ತೆಗೆ ತಂದು ಓಡಿಸಿಯೇ ನೋಡಿಲ್ಲ ಅಂತ ನೀನೇ ಹೇಳಿದೆಯಂತೆ. ಹಾಗಾಗಿ ದುಡ್ಡು ಬಿಚ್ಚುವ ಮುಂಚೆ ಇಷ್ಟು ಕೇಳು.

ನಿನ್ನದು ಆಟೋಮ್ಯಾಟಿಕ್ ಗಾಡಿ. ಅದರಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಮಾಮೂಲಿ ಕ್ಲಚ್ ಪ್ಲೇಟ್ ಇಲ್ಲ, ಟಾರ್ಕ್ ಕನ್ವರ್ಟರ್ ಇದೆ. ಎಣ್ಣೆಯಲ್ಲಿ ಎದುರುಬದುರು ಕೂತ ಎರಡು ಫ್ಯಾನು ಅಂದುಕೋ. ಎಂಜಿನ್ ಒಂದನ್ನು ತಿರುಗಿಸುತ್ತೆ, ಅದು ಎರಚಿದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತೆ. ಟ್ರಾಫಿಕ್ಕಿನಲ್ಲಿ ಇದು ಬೆಣ್ಣೆ. ಆದರೆ ಎಣ್ಣೆಯ ನಡುವೆ ಯಾವಾಗಲೂ ಒಂದಿಷ್ಟು ಜಾರಿಕೆ ಇದ್ದೇ ಇರುತ್ತೆ, ಪೆಟ್ರೋಲು ದಂಡ. ಅದಕ್ಕೇ ಗಾಡಿ ಒಂದೇ ಸ್ಪೀಡಿಗೆ ಬಂದಾಗ ಒಳಗಿರುವ ಒಂದು ಪ್ಲೇಟು ಒತ್ತಿಕೊಂಡು ಎರಡನ್ನೂ ಬೆಸೆಯುತ್ತೆ. ಲಾಕ್‌ಅಪ್ ಅಂತಾರೆ. ಅಮೆರಿಕದ ಪ್ಯಾಕಾರ್ಡ್ ಕಂಪನಿ 1949ರಲ್ಲೇ ಇದನ್ನು ಮಾಡಿತ್ತು. ಈಚಿನ ಗಾಡಿಗಳಲ್ಲಿ ಆ ಪ್ಲೇಟು ಪೂರ್ತಿ ಕಚ್ಚುವುದಿಲ್ಲ, ಬೇಕಂತಲೇ ಸ್ವಲ್ಪ ಜಾರುತ್ತಾ ಹಿಡಿಯುತ್ತೆ. ನಯವಾಗಿ ಜಾರಿಸುವ ಕೆಲಸ ಎಣ್ಣೆಯಲ್ಲಿ ಬೆರೆಸಿದ ಮದ್ದಿನದು. ವರ್ಷಗಟ್ಟಲೆ ಕಾದು ಕಾದು ಆ ಮದ್ದು ಸಾಯುತ್ತೆ. ಆಮೇಲೆ ಪ್ಲೇಟು ಹಿಡಿಯುತ್ತೆ, ಬಿಡುತ್ತೆ, ಹಿಡಿಯುತ್ತೆ, ಬಿಡುತ್ತೆ. ಮಳೆಗಾಲದಲ್ಲಿ ನಮ್ಮ ಹಿತ್ತಲ ಬಾಗಿಲು ಉಬ್ಬಿ ನೆಲಕ್ಕೆ ತಾಗಿ ದರದರ ಅಂತ ಅದುರುತ್ತಿತ್ತಲ್ಲ, ಅದೇ ಇದು.

ಹಿಂದೆ ಈ ಮದ್ದಿಗೆ ಏನು ಹಾಕುತ್ತಿದ್ದರು ಗೊತ್ತಾ? ಸ್ಪರ್ಮ್ ತಿಮಿಂಗಿಲದ ಎಣ್ಣೆ. 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ ಮೇಲೆ ಎಣ್ಣೆ ಕಂಪನಿಯವರು ಬೇರೆ ದಾರಿ ಹುಡುಕಬೇಕಾಯಿತು. ನಿನ್ನ ಅತ್ತೆಗೆ ಇದನ್ನು ಹೇಳಬೇಡ, ಗಾಡಿ ಹತ್ತುವುದೇ ಬಿಟ್ಟಾಳು.

ಈಗ ಪರೀಕ್ಷೆ. ಹಿಂದೆ ಯಾರೂ ಇಲ್ಲದ ಖಾಲಿ ರಸ್ತೆಗೆ ಹೋಗು. 60ರ ಆಸುಪಾಸಿನಲ್ಲಿ ಅದುರು ಬಂದಾಗ ಆಕ್ಸಿಲರೇಟರ್ ಹಾಗೇ ಹಿಡಿದು, ಎಡಗಾಲಲ್ಲಿ ಬ್ರೇಕ್ ಸುಮ್ಮನೆ ಮುಟ್ಟು. ಒತ್ತಬೇಡ, ಬ್ರೇಕ್ ಲೈಟ್ ಹತ್ತುವಷ್ಟು ಸಾಕು. ಬ್ರೇಕ್ ಸ್ವಿಚ್ಚಿನ ಸುದ್ದಿ ಸಿಕ್ಕ ತಕ್ಷಣ ಗಾಡಿಯ ಕಂಪ್ಯೂಟರು ಲಾಕ್‌ಅಪ್ ಬಿಡಿಸುತ್ತೆ. ಅದುರು ಅಲ್ಲೇ ಕತ್ತರಿಸಿದಂತೆ ನಿಂತರೆ ದೋಷ ಕನ್ವರ್ಟರಿನದು, ಅಂದರೆ ಬಹುಪಾಲು ಎಣ್ಣೆಯದು. ನಿಲ್ಲದಿದ್ದರೆ ಬಾಕ್ಸನ್ನು ಬಿಟ್ಟು ಎಂಜಿನ್ ಕಡೆ ನೋಡು: ಪ್ಲಗ್ಗು, ಕಾಯಿಲ್ಲು, ಎಂಜಿನ್ ಮೌಂಟಿಂಗ್.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಹಿಂದಿನ ಗಾಡಿಯಲ್ಲಿ ದೇವರಾಯನದುರ್ಗದ ಏರಿನಲ್ಲಿ ಇಂಥದ್ದೇ ನಡುಕ. ಒಬ್ಬ ಮೆಕ್ಯಾನಿಕ್ ಬಾಕ್ಸ್ ಇಳಿಸಿ, ಬಿಚ್ಚಿ, ಕಿಟ್ ಹಾಕಿ, ಹದಿನಾಲ್ಕು ದಿನ ಇಟ್ಟುಕೊಂಡ. ಗಾಡಿ ತಂದ ದಿನವೇ ಮತ್ತೆ ನಡುಕ. ಕೊನೆಗೆ ಬೇರೊಬ್ಬ ಹುಡುಗ ಸ್ಕ್ಯಾನರ್ ಹಾಕಿ "ಸಾರ್, ಮೂರನೇ ಸಿಲಿಂಡರ್ ಮಿಸ್ಸಿಂಗ್ ಹೊಡೀತಿದೆ" ಅಂದ. ಕಾಯಿಲ್ಲಿನ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕು. ಅದಕ್ಕೇ ಸ್ಕ್ಯಾನರ್ ಹಾಕಿಸದೆ ಸ್ಪ್ಯಾನರ್ ಮುಟ್ಟಿಸಬೇಡ. ಪಿ0300ರ ಸಾಲಿನ ಕೋಡ್ ಬಂದರೆ ಮಿಸ್ಸಿಂಗ್; ಪಿ0741 ಬಂದರೆ ಲಾಕ್‌ಅಪ್ ಕಡೆಯ ತಕರಾರು. ಏನೂ ಬಾರದೆಯೂ ಅದುರಬಹುದು, ಆಗ ಬ್ರೇಕ್ ಪರೀಕ್ಷೆಯನ್ನೇ ನಂಬು.

ಎಣ್ಣೆ ಅಂತ ಗೊತ್ತಾದರೆ ಡಿಪ್‌ಸ್ಟಿಕ್ ಎಳೆದು ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡು. ಹೊಸ ಎಣ್ಣೆ ದಾಸವಾಳದ ಬಣ್ಣ. ನಿನ್ನದು ಡಿಕಾಕ್ಷನ್ ಆಗಿರುತ್ತೆ, ಪಂದ್ಯ. ಮೂಸಿ ನೋಡು. ಸೀದ ವಾಸನೆ ಹೊಡೆದು ಒಳಗೆ ಕರೀ ಪುಡಿ ಇದ್ದರೆ, ಅಥವಾ ಡಿಗೆ ಹಾಕಿದ ಮೇಲೆ ಗಾಡಿ ಯೋಚನೆ ಮಾಡಿ ಹೊರಟರೆ, ಬಾಕ್ಸಿನೊಳಗಿನ ಕ್ಲಚ್ಚುಗಳೇ ಸುಟ್ಟಿರಬಹುದು. ನಾನು ಹೇಳುವ ಮದ್ದು, ಅಂದರೆ ಎಣ್ಣೆ ಬದಲಿಸುವುದು, ಅದಕ್ಕಲ್ಲ.

ಎಣ್ಣೆ ತರುವಾಗ ಎಚ್ಚರ. ಡೆಕ್ಸ್‌ರಾನ್, ಮರ್ಕಾನ್, ಟೊಯೊಟಾದ ಡಬ್ಲ್ಯೂಎಸ್, ಹೋಂಡಾದ ಡಿಡಬ್ಲ್ಯೂ-1, ಇವುಗಳ ಜಾರಿಕೆಯ ಗುಣ ಒಂದೇ ಅಲ್ಲ. ಕೆಂಪಗಿದ್ದದ್ದೆಲ್ಲ ಕುಂಕುಮ ಅಲ್ಲ. ಗಾಡಿಯ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ. ನಿನ್ನ ಸ್ನೇಹಿತನ ಸಿವಿಟಿ ಗಾಡಿಗೆ ಇದನ್ನು ಸುರಿಯಬೇಡಿ, ಅದರ ಎಣ್ಣೆಯೇ ಬೇರೆ. ಎಎಂಟಿಯಲ್ಲಂತೂ ಕನ್ವರ್ಟರೇ ಇಲ್ಲ, ಅದು ಮಾಮೂಲಿ ಕ್ಲಚ್ ಪ್ಲೇಟಿನ ಗಾಡಿ. ಅದು ಅದುರಿದರೆ ಕಥೆ ಬೇರೆ.

ಬದಲಿಸುವುದು ಹೀಗೆ. ಮೊದಲು ತುಂಬುವ ಬೋಲ್ಟ್ ಸಡಿಲಿಸಿ ನೋಡು, ಆಮೇಲೆ ಡ್ರೈನ್ ಬೋಲ್ಟ್. ಉಲ್ಟಾ ಮಾಡಿ, ಎಣ್ಣೆಯೆಲ್ಲ ಸುರಿದ ಮೇಲೆ ತುಂಬುವ ಬೋಲ್ಟ್ ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಟೋ ಮಾಡಿಸಬೇಕಾಗುತ್ತೆ. ಡ್ರೈನ್ ಬೋಲ್ಟಿನ ತುದಿಯಲ್ಲಿ ಆಯಸ್ಕಾಂತ ಇದ್ದರೆ, ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ತಿಕ್ಕು. ಬೂದು ಬಣ್ಣದ ನುಣ್ಣನೆ ಕಾಡಿಗೆಯಂತಿದ್ದರೆ ಸಹಜ ಸವೆತ, ಒರೆಸಿ ಹಾಕು. ಚುಚ್ಚುವ ಚೂರು ಸಿಕ್ಕರೆ ನನಗೆ ಫೋನ್ ಮಾಡು. ಇಳಿದ ಎಣ್ಣೆಯನ್ನು ಅಳೆದು ಅಷ್ಟನ್ನೇ ತುಂಬು, ಹೊಸ ವಾಷರ್ ಹಾಕು. ಆಮೇಲೆ ಒಂದಿಷ್ಟು ದೂರ ಓಡಿಸಿ ಬಿಸಿಯಾದ ಮೇಲೆ ಮಟ್ಟ ನೋಡು. ಎಂಜಿನ್ ಓಡುತ್ತಿರುವಾಗ ನೋಡಬೇಕೋ ಆರಿಸಿ ನೋಡಬೇಕೋ ಅನ್ನುವುದು ಗಾಡಿಯಿಂದ ಗಾಡಿಗೆ ಬದಲು, ಪುಸ್ತಕ ಹೇಳುತ್ತೆ.

ಒಂದು ಸಲಕ್ಕೆ ಮುಗಿಯಲ್ಲ. ಅರ್ಧಕ್ಕಿಂತ ಹೆಚ್ಚು ಎಣ್ಣೆ ಕನ್ವರ್ಟರಿನ ಹೊಟ್ಟೆಯಲ್ಲೂ ಬಾಕ್ಸಿನ ಸಂದಿಗಳಲ್ಲೂ ಉಳಿದಿರುತ್ತೆ. ಒಂದು ಸಲಕ್ಕೆ ನೂರರಲ್ಲಿ 40 ಪಾಲು ಬದಲಾಗುತ್ತೆ ಅಂತ ಇಟ್ಟುಕೋ. ಎರಡಕ್ಕೆ 64, ಮೂರಕ್ಕೆ 78. ನಡುನಡುವೆ ಕೆಲವು ನೂರು ಕಿಲೋಮೀಟರ್ ಓಡಿಸು. ಮೆಷಿನ್ ಹಾಕಿ ಒಂದೇ ಏಟಿಗೆ ಫ್ಲಶ್ ಮಾಡುತ್ತೀವಿ ಅನ್ನುವವರಿದ್ದಾರೆ. ಹೊಸ ಎಣ್ಣೆಯನ್ನೇ ಕಾಣದೆ ವರ್ಷಗಟ್ಟಲೆ ಓಡಿದ ಬಾಕ್ಸಿಗೆ ನಾನಂತೂ ಅದನ್ನು ಮಾಡಿಸಲ್ಲ. ಅಂಗಡಿಯಲ್ಲಿ ಅದುರು ನಿಲ್ಲಿಸುವ ಟ್ಯೂಬ್ ಮದ್ದೂ ಸಿಗುತ್ತೆ. ಕೆಲವೊಮ್ಮೆ ಕೆಲಸ ಮಾಡುತ್ತೆ, ಆದರೆ ಹಳೇ ಎಣ್ಣೆಗೆ ಅದನ್ನು ಹಾಕುವುದು ಹಳಸಿದ ಸಾರಿಗೆ ಒಗ್ಗರಣೆ ಕೊಟ್ಟ ಹಾಗೆ.

ಎಣ್ಣೆಯಿಂದಲೇ ವಾಸಿಯಾಗುತ್ತಾ ಅಂತ ಅನುಮಾನ ಇದ್ದರೆ ಕೇಳು: ಜನರಲ್ ಮೋಟರ್ಸ್‌ನವರ ಎಂಟು ಗೇರಿನ ಗಾಡಿಗಳಲ್ಲಿ ಇದೇ ಅದುರು ಬಂದಾಗ, ಮೊದಲ ಎಣ್ಣೆ ತೇವ ಹೀರಿಕೊಳ್ಳುತ್ತೆ ಅಂತ ಕಂಡು, ಕಂಪನಿಯೇ ಅದನ್ನು ತೆಗೆಸಿ ಬೇರೆ ಜಾತಿಯ ಎಣ್ಣೆ ಹಾಕಿಸಿತು.

ಮೂರನೆಯ ಸಲದ ಮೇಲೂ ಗಡಗಡ ಉಳಿದರೆ ಪ್ಲೇಟಿನ ಮೈ ಹೊಳಪು ಹತ್ತಿದೆ ಅಂತ ಲೆಕ್ಕ. ಆಗ ಬಾಕ್ಸ್ ಇಳಿಸಲೇಬೇಕು, ಆದರೆ ಬದಲಿಸಬೇಕಾದ್ದು ಕನ್ವರ್ಟರ್ ಒಂದನ್ನೇ. ಇಡೀ ಬಾಕ್ಸ್ ಅನ್ನುವವರ ಹತ್ತಿರ ಕಾರಣ ಕೇಳು. ತಡ ಮಾಡಬೇಡ, ಪ್ಲೇಟು ಉದುರಿಸಿದ ಪುಡಿ ಎಣ್ಣೆಯ ಜೊತೆ ಬಾಕ್ಸಿನ ಸಣ್ಣ ಸಣ್ಣ ವಾಲ್ವುಗಳಿಗೂ ಹೋಗುತ್ತೆ. ಅಲ್ಲಿಯವರೆಗೆ ಅದುರುವ ಸ್ಪೀಡಿನಲ್ಲಿ ಒಂದು ಗೇರ್ ಕೆಳಗಿಟ್ಟು ಓಡಿಸು. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿದರೆ ಕುಡಿಯಲಿ.

ಭಾನುವಾರ ಬೆಳಗ್ಗೆ ಎಂಟಕ್ಕೆ ಬಾ, ಇಲ್ಲೇ ಶೆಡ್ಡಿನಲ್ಲಿ ಮಾಡೋಣ. ಎಣ್ಣೆಯ ಡಬ್ಬ, ಎರಡು ವಾಷರ್, ಹಳೇ ಪಂಚೆ ತುಂಡು ತಂದರೆ ಸಾಕು. ಅಳತೆಯ ಜಗ್ ನನ್ನ ಹತ್ತಿರ ಇದೆ. ಅಕ್ಕನ ಅಡುಗೆಮನೆಯದನ್ನು ಮುಟ್ಟಬೇಡ.